ಎದುರು ಮನೆಯ ಮಗ್ಗ

ಅಂದಾನೆಪ್ಪ ಖಾಲಿ ಕೂತರೂ ನೂಲು ಹೊಸೆಯುತ್ತಾನೆ ಎಂದು ಓಣಿಯ ಜನ ಹೇಳುತ್ತಿದ್ದರು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಆ ಮಾತು ಹೊಗಳಿಕೆಯೇ. ಕಟ್ಟೆಯ ಮೇಲೆ ಸುಮ್ಮನೆ ಕೂತಾಗ ಅವನ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುತ್ತಲೇ ಇರುತ್ತಿತ್ತು, ಯಾರಿಗೂ ಕಾಣದ ಎಳೆಯೊಂದಕ್ಕೆ ಹುರಿ ಹಾಕುತ್ತಿದ್ದಾನೇನೋ ಎಂಬಂತೆ. ಎದ್ದುಹೋಗಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಹಿಡಿದನೆಂದರೆ ಬೆರಳು ತಾನಾಗಿ ನಿಲ್ಲುತ್ತಿತ್ತು.

"ನೋಡ್ರಿ, ಅಣ್ಣನ ಕೈ ಹ್ಯಾಂಗ ಕೆಲಸ ಬೇಡ್ತಾವ," ಎನ್ನುತ್ತಿದ್ದಳು ಎದುರು ಮನೆಯ ಬಾಳವ್ವ. "ನಮ್ಮ ಮನ್ಯಾರಿಗೆ ಹೇಳ್ರಿ ಇದನ್ನ. ಅವ್ರ ಕೈ ಕೆಲಸ ಕಂಡ್ರ ನಿದ್ದಿ ಹೋಗ್ತಾವ."

ಬಾಳವ್ವನ ಗಂಡ ಶಂಭುಲಿಂಗ. ಅವನದು ಬೇರೆ ಕಥೆ. ಅವನ ಕೈ ನಡುಗುತ್ತಿರಲಿಲ್ಲ, ಆದರೆ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮುಂದಿಟ್ಟ ಚಹಾ ಆರಿಹೋಗುತ್ತಿತ್ತು. ಓಣಿ ಅವನಿಗೆ ಸೋಮಾರಿ ಎಂಬ ಹೆಸರಿಟ್ಟಿತು. ಅದೇ ಹೊತ್ತಿಗೆ ಅಂದಾನೆಪ್ಪನ ಮೇಲಿದ್ದ ಹೊಗಳಿಕೆಯೂ ಹಳಸಿತು. ಓಣಿಯ ತುದಿಯ ಜಾಕೀರನ ಚಹಾದಂಗಡಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ಇವನೊಬ್ಬ ಗೋಡೆ ನೋಡಿದಂತೆ ನೋಡುತ್ತ ಕೂತಿರುತ್ತಿದ್ದ.

"ಸೊಕ್ಕು ಬಂದೈತಿ ಅಂದಾನೆಪ್ಪಗ," ಎಂದರು ಜನ.

ಜಾಕೀರ ಮಾತ್ರ ಒಪ್ಪಲಿಲ್ಲ. "ಸೊಕ್ಕಿನ ಮಂದಿ ಚಹಾ ಚೆಲ್ಲೂದಿಲ್ರಿ. ಕಾಕಾ ದಿನಾ ಅರ್ಧ ಕಪ್ಪು ನನ್ನ ಟೇಬಲ್ಲಿಗೆ ಕುಡಸ್ತಾನ."

ಸೊಕ್ಕು, ಸೋಮಾರಿತನ, ದೃಷ್ಟಿ ತಾಗಿದ್ದು, ಹೀಗೆ ಓಣಿ ಏನೇನೋ ಅಂದಿತು. ರೋಗ ಎಂದು ಯಾರೂ ಅನ್ನಲಿಲ್ಲ. ಆ ರೋಗದ ಹೆಸರು ಓಣಿಗೆ ಗೊತ್ತಿರಲಿಲ್ಲ.

ಹೆಸರು ಹುಬ್ಬಳ್ಳಿಯಿಂದ ಬಂತು. ಅಲ್ಲಿಯ ಒಂದು ದೊಡ್ಡ ದವಾಖಾನೆಯವರು ಕೈಕಾಲು ನಡುಗುವ, ಬಿಗಿಯುವ ರೋಗಗಳ ಸಂಶೋಧನೆಗೆಂದು ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ತಪಾಸಣೆಯ ಶಿಬಿರ ಮಾಡಿದರು. ಡಾಕ್ಟರ್ ವಿಜಯಲಕ್ಷ್ಮಿ ಎಂಬುವವರು ಮುಖ್ಯಸ್ಥರು. ಅಂದಾನೆಪ್ಪನ ಹೆಂಡತಿ ಸಿದ್ದವ್ವ ಮತ್ತು ಬಾಳವ್ವ ತಮ್ಮ ತಮ್ಮ ಗಂಡಂದಿರನ್ನು ಒಂದೇ ಬೆಂಚಿನ ಮೇಲೆ ಕೂಡಿಸಿದರು. ಡಾಕ್ಟರು ಇಬ್ಬರನ್ನೂ ಒಮ್ಮೆ ಬಾಗಿಲತನಕ ನಡೆಸಿದರು. ಬೆರಳಿಗೆ ಬೆರಳು ಬಡಿಯಲು, ಮುಷ್ಟಿ ಮುಚ್ಚಿ ತೆರೆಯಲು ಹೇಳಿದರು.

"ಇದಕ್ಕ ಪಾರ್ಕಿನ್ಸನ್ ಅಂತಾರ್ರಿ ಕಾಕಾ. ಇಬ್ಬರಿಗೂ ಅದ ಐತಿ. ಕೈಕಾಲಿಗೆ ಮಿದುಳಿನ ಹುಕುಂ ಮುಟ್ಟಸೂ ರಸ ಒಂದಿರ್ತೈತಿ, ಅದು ಕಡಿಮಿ ಆಗೈತಿ."

"ನನ್ನ ಕೈ ಕುಣೀತೈತಿ, ಇವನ ಕೈ ಮಲಗತೈತಿ. ಎರಡೂ ಒಂದ ರೋಗ ಹ್ಯಾಂಗ್ರಿ ಬಾಯಾರ?"

"ಒಬ್ಬೊಬ್ಬರಿಗೆ ಒಂದೊಂದು ಥರ ಬರ್ತೈತ್ರಿ."

"ಯಾಕ ಬಂತು?"

"ಅದನ್ನ ಹುಡುಕಾಕತ್ತೇವಿ. ಬಾವಿ ನೀರು ಕುಡೀತಿದ್ರೇನು, ಹೊಲದಾಗ ಹುಳದ ಎಣ್ಣಿ ಹೊಡೀತಿದ್ರೇನು ಅಂತ ಕೇಳೂದು ಅದಕ್ಕ."

"ಹುಡುಕಿದ್ರೂ ಸಿಗಲಿಲ್ಲಂದ್ರ?"

ಡಾಕ್ಟರು ಅವನ ಮುಖ ನೋಡಿದರು. ರೋಗಕ್ಕೆ ಬಿಗಿದಿದ್ದ ಆ ಮುಖದಲ್ಲಿ ತಮಾಷೆ ಇದೆಯೋ ಸಿಟ್ಟಿದೆಯೋ ತಿಳಿಯುವಂತಿರಲಿಲ್ಲ. "ಸಿಗೂ ಮಟಾ ಹುಡುಕೂದ್ರಿ," ಎಂದರು.

ಅಂದು ಕೊಟ್ಟ ಗುಳಿಗೆ ಕೆಲವು ವರ್ಷ ಚಲೋ ನಡೆಯಿತು. ನುಂಗಿ ಅರ್ಧ ತಾಸಿಗೆ ಕೈಕಾಲಿಗೆ ಎಣ್ಣೆ ಬಿಟ್ಟಂತಾಗುತ್ತಿತ್ತು. ಆಮೇಲೆ ಆ ಚಲೋ ಹೊತ್ತು ಗಿಡ್ಡವಾಗತೊಡಗಿತು. ಬೆಳಗಿನ ಗುಳಿಗೆ ಮಧ್ಯಾಹ್ನದವರೆಗೆ ಎಳೆಯುತ್ತಿದ್ದುದು ಬಿಸಿಲೇರುವಷ್ಟರಲ್ಲೇ ಸೋಲತೊಡಗಿತು. ಅಂದಾನೆಪ್ಪ ಮಗ್ಗ ಬಿಟ್ಟ, ಸಿದ್ದವ್ವ ಕೂತಳು. ಅದನ್ನೂ ಅವನು ಹೇಗೋ ನುಂಗಿಕೊಂಡ. ನುಂಗಲಾಗದ್ದು ಹೊಸ್ತಿಲು.

ಒಂದು ಸಂಜೆ ಜಾಕೀರನ ಅಂಗಡಿಗೆ ಹೊರಟವನು ಹೊಸ್ತಿಲ ಮುಂದೆ ನಿಂತುಬಿಟ್ಟ. ಕಾಲು ನೆಲಕ್ಕೆ ಅಂಟಿದವು. ಮನಸ್ಸು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಿತ್ತು, ಮೈ ಒಳಗೆ ನಿಂತಿತ್ತು.

"ದಾಟ್ರಿ," ಎಂದಳು ಸಿದ್ದವ್ವ.

"ದಾಟಾಕತ್ತೇನಿ," ಎಂದ ಅವನು, ಒಂದಿಂಚೂ ಕದಲದೆ.

ಆ ಹೊತ್ತಿಗೆ ಎದುರು ಮನೆಯಲ್ಲಿ ಬಾಳವ್ವ ಮಗ್ಗಕ್ಕೆ ಕೂತಳು. ಟಕ್, ಟಕಾ. ಟಕ್, ಟಕಾ. ಮಗ್ಗದ ಹಲಗೆ ನೇಯ್ದ ಸೀರೆಯ ತುದಿಗೆ ಬಡಿಯುವ ಸದ್ದು ಕಿರಿದಾದ ಓಣಿಯನ್ನು ದಾಟಿ ನೇರವಾಗಿ ಈ ಬಾಗಿಲಿಗೆ ಬಂತು. ಅಂದಾನೆಪ್ಪನ ಬಲಗಾಲು ಎದ್ದಿತು. ಮೊದಲ ಸದ್ದಿಗೆ ಒಂದು ಕಾಲು, ಮರುಸದ್ದಿಗೆ ಇನ್ನೊಂದು. ಹೊಸ್ತಿಲು ಹಿಂದೆ ಬಿತ್ತು.

ಡಾಕ್ಟರು ತಿಂಗಳಿಗೊಮ್ಮೆ ರೋಣಕ್ಕೆ ಬಂದು ರೋಗಿಗಳನ್ನು ನೋಡುತ್ತಿದ್ದರು. ಮುಂದಿನ ಸಲ ಬಂದಾಗ ಇದನ್ನು ಕೇಳಿ ಅಚ್ಚರಿಪಡಲಿಲ್ಲ. ತಾಳ ಕೇಳಿದರೆ, ನೆಲದ ಮೇಲೆ ಗೆರೆ ಕಂಡರೆ ನಿಂತ ಕಾಲು ಏಳುವುದುಂಟು ಎಂದರು. ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಸದ್ದೊಂದನ್ನು ಹಾಕಿಕೊಟ್ಟರು. ಅಂದಾನೆಪ್ಪನ ಕಾಲಿಗೆ ಅದು ಹತ್ತಲಿಲ್ಲ. "ಇದು ಗಡಿಯಾರ. ಗಡಿಯಾರದ ಮಾತು ನಾ ಎಂದ ಕೇಳೇನಿ?" ಎಂದ.

ಹೀಗಾಗಿ ಓಣಿಯಲ್ಲಿ ಹೊಸದೊಂದು ರೂಢಿ ಬಿತ್ತು. ಸಂಜೆ ಸಿದ್ದವ್ವ ಗಂಡನ ಬಲಗೈ ಹಿಡಿದು ಬಾಗಿಲಿಗೆ ತರುವಳು. "ಬಾಳವ್ವಾ!" ಎಂದು ಕೂಗುವಳು. ಎದುರು ಮನೆಯ ಮಗ್ಗ ಬಡಿಯುವುದು. ಅಂದಾನೆಪ್ಪ ದಾಟುವನು. ಗಂಡನ ಕೈ ಹಿಡಿಯಲು ಒಬ್ಬರು ಬೇಕು, ಮಗ್ಗ ಬಡಿಯಲು ಒಬ್ಬರು. ಸಿದ್ದವ್ವನ ಸ್ವಂತ ಮಗ್ಗ ಒಳಕೋಣೆಯಲ್ಲಿತ್ತು, ಅದಕ್ಕೆ ಕೂತರೆ ಬಾಗಿಲಲ್ಲಿ ಹಿಡಿಯುವವರಿಲ್ಲ. ಅಂದಾನೆಪ್ಪನಿಗೆ ದಿನದಲ್ಲಿ ಬೇಕಾಗಿದ್ದುದು ಇಷ್ಟೇ: ತನ್ನ ಕಾಲ ಮೇಲೆ ಮನೆಯಿಂದ ಹೊರಬೀಳುವುದು.

"ಹೊತಗೊಂಡು ಹೋಗೂ ದಿನಾ ಹೆಂಗೂ ಬರ್ತೈತಿ," ಎನ್ನುತ್ತಿದ್ದ. "ಅಲ್ಲೀಮಟಾ ನಾನ ಹೋಗ್ತೇನಿ."

ಮುಂದೆ ಆದದ್ದು ತಿಳಿಯಬೇಕಾದರೆ ಈ ಎರಡು ಮನೆಗಳ ನೂಲಿನ ವಿಷಯ ಹೇಳಬೇಕು. ಕೂಲಿಗೆ ನೇಯಿಸುವ ಮಾಲಕರು ಕೊಡುವ ನೂಲು ಎಲ್ಲ ಒಂದೇ ಸಮ ಇರುವುದಿಲ್ಲ. ಕೆಲವು ಲಡಿ ಗಟ್ಟಿ, ಕೆಲವು ಮುಟ್ಟಿದರೆ ಕಡಿಯುತ್ತವೆ. ಅಪ್ಪಂದಿರ ಕಾಲದಿಂದಲೂ ಇವರಿಬ್ಬರು ತಂದ ಲಡಿಗಳನ್ನೆಲ್ಲ ಒಂದೆಡೆ ಸುರುವಿ, ಕಲಸಿ, ಸಮಪಾಲು ಮಾಡಿಕೊಳ್ಳುತ್ತಿದ್ದರು. ಒಬ್ಬನ ಮಗ್ಗದಲ್ಲಿ ದಿನವಿಡೀ ಎಳೆ ಕಡಿಯುತ್ತಿದ್ದರೆ ಎದುರಿನವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಕೆಟ್ಟ ನೂಲು ಬಂದರೆ ಇಬ್ಬರಿಗೂ ಅರ್ಧರ್ಧ.

ಆ ವರ್ಷ ಡಾಕ್ಟರ್ ವಿಜಯಲಕ್ಷ್ಮಿ ಹೊಸ ಔಷಧದ ಸುದ್ದಿ ತಂದರು. ಎರಡೂ ಮನೆಯ ದಂಪತಿಗಳನ್ನು ರೋಣದ ಕೋಣೆಯಲ್ಲಿ ಕೂಡಿಸಿಕೊಂಡು ನಿಧಾನವಾಗಿ ತಿಳಿಸಿದರು.

"ಈಗಿನ ಗುಳಿಗಿ ಹಂಗ ಇರ್ತಾವ. ಅದರ ಜೋಡಿ ಇದೊಂದು. ರೋಗ ಮುಂದ ಹೋಗೂದನ್ನ ಇದು ತಡೀತೈತೇನು ಅಂತ ನೋಡೂದು. ಆದ್ರ ಅರ್ಧ ಮಂದಿಗೆ ಔಷಧ ಇದ್ದ ಗುಳಿಗಿ, ಅರ್ಧ ಮಂದಿಗೆ ಔಷಧ ಇಲ್ಲದ ಗುಳಿಗಿ. ನೋಡಾಕ ಎರಡೂ ಒಂದ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಾಂಗಿಲ್ಲ, ನನಗೂ ಗೊತ್ತಿರಾಂಗಿಲ್ಲ."

"ನಿಮಗೂ?" ಎಂದಳು ಬಾಳವ್ವ.

"ನನಗೂ ಇಲ್ರಿ. ಗೊತ್ತಾದ್ರ ನನ್ನ ಕಣ್ಣು ಔಷಧ ತಗೊಂಡವ್ರು ಚಲೋ ಆದ್ರು ಅಂತ ನೋಡಾಕ ಶುರು ಮಾಡ್ತಾವ. ಕಣ್ಣು ಮೋಸ ಮಾಡ್ತಾವ್ರಿ. ಔಷಧ ಕೆಲಸ ಮಾಡ್ತಂದ್ರ ಕಡೀಗೆ ಎಲ್ಲಾರಿಗೂ ಅದನ್ನ ಕೊಡ್ತೇವಿ."

ಇಬ್ಬರೂ ಒಪ್ಪಿದರು. ಒಬ್ಬೊಬ್ಬರಿಗೆ ಒಂದೊಂದು ಬಿಳಿ ಡಬ್ಬಿ ಸಿಕ್ಕಿತು. ಬಸ್ಸು ಅಬ್ಬಿಗೇರಿ ದಾಟಿ ಎರಿಹೊಲಗಳ ನಡುವೆ ಹೊರಟಾಗ ನಾಲ್ವರೂ ಒಂದೇ ಸಾಲಿನಲ್ಲಿ ಕೂತಿದ್ದರು. ಡಬ್ಬಿಗಳು ಹೆಂಗಸರ ಮಡಿಲಲ್ಲಿದ್ದವು. ಅಂದಾನೆಪ್ಪನೇ ಮೊದಲು ಮಾತು ತೆಗೆದ. ಅವನ ದನಿ ಆಗಲೇ ಸಣ್ಣಗಾಗಿತ್ತು, ಕಿವಿ ಹತ್ತಿರ ಒಯ್ಯಬೇಕಿತ್ತು.

"ಶಂಭ್ಯಾ, ನಂದು ಖಾಲಿ ಇದ್ದು ನಿಂದು ತುಂಬಿದ್ದಿದ್ರ?"

"ನಿಂದ ತುಂಬಿರ್ತೈತಿ ಬಿಡೋ ಅಣ್ಣಾ. ನನ್ನ ದೈವ ನನಗ ಗೊತ್ತೈತಿ."

"ಅದಕ್ಕ ಅಂದೆ. ನೂಲು ಹ್ಯಾಂಗೋ ಹಂಗ ಮಾಡೂಣು."

ಯಾರಿಗೂ ಅದು ತಪ್ಪೆನಿಸಲಿಲ್ಲ. ಬದಲಾಗಿ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಮನೆಗೆ ಬಂದು ಸಿದ್ದವ್ವ ರೊಟ್ಟಿಹಿಟ್ಟು ಕಲಸುವ ಪರಾತ ತೊಳೆದು ಒರೆಸಿದಳು. ಎರಡೂ ಡಬ್ಬಿ ಅದಕ್ಕೆ ಸುರುವಿ, ಬಾಳವ್ವ ಕೈಯಾಡಿಸಿ ಕಲಸಿ, ಸಮ ಮಾಡಿ ತುಂಬಿದಳು. ಪ್ರತಿ ತಿಂಗಳೂ ಹೀಗೇ ನಡೆಯಿತು. ಶಂಭುಲಿಂಗ ಗೋಡೆಗೊರಗಿ ಕೂತು, "ನೋಡಿ ಹಂಚ್ರಿ, ಔಷಧೆಲ್ಲಾ ಆ ಕಡೆ ಉರುಳ್ಯಾವು," ಎಂದು ಕಾಡಿಸುತ್ತಿದ್ದ.

ಆ ತಿಂಗಳುಗಳಲ್ಲಿ ಅಂದಾನೆಪ್ಪ ಚಲೋ ಆದ. ಔಷಧದಿಂದಲೋ, ಆಸೆಯಿಂದಲೋ, ಡಾಕ್ಟರು ಮೈ ಮುಟ್ಟಿ ಮಾತಾಡಿಸಿದ್ದರಿಂದಲೋ ದೇವರಿಗೇ ಗೊತ್ತು. ಸಂಜೆ ಮಗ್ಗದ ಸದ್ದಿಗೆ ಹೊಸ್ತಿಲು ದಾಟಿ ಅಂಗಡಿಯತನಕ ತಾನೇ ನಡೆದ. ಒಂದು ದಿನ ಜಾಕೀರ ಏನೋ ಅಂದದ್ದಕ್ಕೆ ಅವನ ಬಾಯಿಯ ಒಂದು ಮೂಲೆ ಮೇಲೆದ್ದಿತು. "ಕಾಕಾ ನಕ್ಕ! ಕಾಕಾ ನಕ್ಕ!" ಎಂದು ಜಾಕೀರ ಅಂಗಡಿಯಲ್ಲಿದ್ದವರಿಗೆಲ್ಲ ಪುಕ್ಕಟೆ ಚಹಾ ಕುಡಿಸಿದ.

ಆ ಖುಷಿಯಲ್ಲೇ ಸಿದ್ದವ್ವ ಗಂಡನನ್ನು ಕರೆದುಕೊಂಡು ರೋಣಕ್ಕೆ ಹೋದದ್ದು. ಗುಳಿಗೆ ತಪ್ಪದೆ ಕೊಡುತ್ತೀರಾ ಎಂದು ಡಾಕ್ಟರು ಪ್ರತಿಸಲ ಕೇಳುವಂತೆ ಅಂದೂ ಕೇಳಿದರು.

"ತಪ್ಪಂಗಿಲ್ರಿ ಬಾಯಾರ. ಇಬ್ಬರಿಗೂ ಸರಿಯಾಗಿ ಹಂಚೇವ್ರಿ."

"ಹಂಚೇವಿ ಅಂದ್ರ?"

ಸಿದ್ದವ್ವ ಪರಾತದಿಂದ ಹಿಡಿದು ಎಲ್ಲವನ್ನೂ ಹೇಳಿದಳು, ಮಕ್ಕಳ ಜಾಣತನ ಹೇಳುವ ತಾಯಿಯ ಹಾಗೆ. ಹೇಳುತ್ತ ಹೇಳುತ್ತ ಡಾಕ್ಟರ ಮುಖ ಕಂಡು ದನಿ ಇಳಿಯಿತು. ಡಾಕ್ಟರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಕಾಲು ಹಿಡಿಯಬಹುದಿತ್ತು. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ತಪ್ಪು ನಂದೈತ್ರಿ ಅವ್ವಾರ. ಹಂಚಬ್ಯಾಡ್ರಿ ಅಂತ ನಾ ಬಿಡಿಸಿ ಹೇಳಬೇಕಿತ್ತು. ಹಿಂಗ ಮಾಡ್ತೀರಿ ಅಂತ ನನ್ನ ತಲ್ಯಾಗ ಬರಲಿಲ್ಲ."

"ಇನ್ನ ಮ್ಯಾಲೆ ಬ್ಯಾರೆ ಬ್ಯಾರೆ ಕೊಡ್ತೇವ್ರಿ. ಆಣಿ ಮಾಡ್ತೇನಿ."

"ಅದು ಈಗ ಆಗಾಂಗಿಲ್ರಿ. ಇಬ್ಬರನ್ನೂ ಈ ಪರೀಕ್ಷಾದಿಂದ ಬಿಡಬೇಕಾಗ್ತೈತಿ. ನಿಮ್ಮಿಬ್ಬರಿಂದ ಔಷಧ ತಡೀತೋ ಇಲ್ಲೋ ಅಂತ ಇನ್ನ ತಿಳಿಯೂದಿಲ್ಲ. ನಾ ಇದನ್ನ ಮುಚ್ಚಿಟ್ಟೆ ಅಂದ್ರ, ನಾಳೆ ಈ ಗುಳಿಗಿ ನುಂಗೂ ಎಲ್ಲಾರಿಗೂ ಮೋಸ ಮಾಡಿದಂಗ."

ಅಂದಾನೆಪ್ಪ ಕುರ್ಚಿಯಲ್ಲಿ ಕೂತಿದ್ದ. ಹೆಬ್ಬೆರಳು ಉರುಳುತ್ತಿತ್ತು. "ನಾನ ಹೇಳಿದ್ದು ಹಂಚ್ರಿ ಅಂತ," ಎಂದ. "ಶಂಭ್ಯಾನ್ನರ ಇಟ್ಕೊಳ್ರಿ, ನನ್ನ ಬಿಡ್ರಿ." ಡಾಕ್ಟರು ಆಗದೆಂದು ತಲೆಯಾಡಿಸಿದರು. ಅದು ಅವರ ಕೈಯಲ್ಲೂ ಇರಲಿಲ್ಲ.

ಹಳೆಯ ಗುಳಿಗೆಯೊಂದೇ ಉಳಿಯಿತು. ಡಾಕ್ಟರು ಅದನ್ನು ಹೆಚ್ಚುಕಡಿಮೆ ಮಾಡಿ ನೋಡಿದರು. ಚಳಿಗಾಲ ಬರುವಷ್ಟರಲ್ಲಿ ಅಂದಾನೆಪ್ಪ ಇಳಿಯತೊಡಗಿದ. ನೀರು ಕುಡಿದರೆ ಕೆಮ್ಮು, ಮಾತಾಡಿದರೆ ಬರೀ ಗಾಳಿ. ಶಂಭುಲಿಂಗನ ರೋಗ ಮಾತ್ರ ಇದ್ದಲ್ಲೇ ಇತ್ತು. ಅದನ್ನು ದಿನಾ ಕಣ್ಣೆದುರು ನೋಡುತ್ತ ಸಿದ್ದವ್ವನ ತಲೆಗೆ ಒಂದು ಹುಳ ಹೊಕ್ಕಿತು. ಔಷಧ ತುಂಬಿದ ಡಬ್ಬಿ ನಮ್ಮದೇ ಇದ್ದಿದ್ದರೆ? ಅದರ ಅರ್ಧ ಅವರ ಹೊಟ್ಟೆಗೆ ಹೋಗಿದ್ದರೆ?

ಒಳಗೆ ಇಟ್ಟುಕೊಂಡಿದ್ದರೆ ಕೊಳೆತು ಹೋಗುತ್ತಿತ್ತೇನೋ. ನಳದ ಮುಂದೆ, ನಾಲ್ಕು ಹೆಂಗಸರ ನಡುವೆ ಅದು ಬಾಯಿಂದ ಹೊರಬಿತ್ತು.

"ನಮ್ಮ ಪಾಲಿಂದು ತಿಂದವ್ರು ಗಟ್ಟಿ ಕುಂತಾರ. ನಮ್ಮವ್ರು ನೋಡ್ರಿ ಹ್ಯಾಂಗಾದ್ರು."

ಬಾಳವ್ವ ಹಿಂದೆಯೇ ಕೊಡ ಹಿಡಿದು ನಿಂತಿದ್ದಳು.

"ಏನಂದಿ ಸಿದ್ದಕ್ಕಾ? ನಿಮ್ಮ ಪಾಲು? ಅದು ನಮ್ಮ ಡಬ್ಬಿ ಅಲ್ಲಂತ ಯಾವ ದೇವ್ರು ಬಂದು ಹೇಳ್ಯಾನ ನಿನಗ? ಬಾಯಿ ಬಿಟ್ಟು ಎರಡೂ ಮನಿ ಔಷಧ ಕಳದಾಕಿ ನೀನು. ನೀ ಸುಮ್ಮನಿದ್ದಿದ್ರ ಇಬ್ಬರೂ ಇವತ್ತ ನಡೀತಿದ್ರು!"

ಕೊಡ ತುಂಬದೆಯೇ ಇಬ್ಬರೂ ಮನೆಗೆ ಹೋದರು. ಅಂದು ಸಂಜೆ ಸಿದ್ದವ್ವ ಗಂಡನ ಕೈ ಹಿಡಿದು ಬಾಗಿಲಿಗೆ ಬಂದಳು. "ಬಾಳವ್ವಾ" ಎಂಬ ಹೆಸರು ಗಂಟಲಿಗೆ ಬಂತು, ನಾಲಿಗೆಗೆ ಬರಲಿಲ್ಲ. ಎದುರು ಬಾಗಿಲು ತೆರೆದೇ ಇತ್ತು. ಮಗ್ಗ ಬಡಿಯಲಿಲ್ಲ. ಅಂದಾನೆಪ್ಪ ಹೊಸ್ತಿಲ ಮುಂದೆ ನಿಂತ, ಕಣ್ಣು ಎದುರು ಮನೆಗೆ ನೆಟ್ಟು, ಕರೆಯುವುದನ್ನು ಕಾಯುವವನ ಹಾಗೆ. ಬಹಳ ಹೊತ್ತು ನಿಂತು, ಕೊನೆಗೆ ತಾನಾಗಿ ಹಿಂದಕ್ಕೆ ವಾಲಿದ. ಸಿದ್ದವ್ವ ತಂದು ಹಾಸಿಗೆಯ ಮೇಲೆ ಕೂಡಿಸಿದಳು.

ಮರುದಿನ ಅವಳೇ ಒಳಕೋಣೆಯ ಮಗ್ಗ ಬಡಿದು ನೋಡಿದಳು. ಸದ್ದಿಗೆ ಕಾಲೇನೋ ಎದ್ದವು, ಹಿಡಿಯುವ ಕೈ ಇರಲಿಲ್ಲ. ಹೊಸ್ತಿಲಾಚೆ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದುಕೊಂಡ. ಆ ದಿನದಿಂದ ಹೊರಹೋಗುವುದು ನಿಂತಿತು. ಜಾಕೀರ ದಿನಾ ಚಹಾ ತಂದು ಚಮಚದಲ್ಲಿ ಕುಡಿಸಿ ಹೋಗುತ್ತಿದ್ದ. ಎರಡು ಹೆಂಗಸರ ನಡುವೆ ರಾಜಿ ಮಾಡಿಸಲು ಅವನೂ ನೋಡಿದ.

"ಒಂದ ಸಲ ಕೂಗ್ರಿ ಅವ್ವಾ. ಆಕಿ ಕುಂತಲ್ಲೇ ಕಿವಿ ಕೊಟ್ಟಿರ್ತಾಳ."

"ಆಕಿ ಬಡೀಲಿ. ನಾ ಯಾಕ ಕೂಗ್ಲಿ?"

ಆ ಕಡೆ ಹೋಗಿ ಕೇಳಿದರೆ ಬಾಳವ್ವನ ಉತ್ತರ: "ಆಕಿ ಕೂಗ್ಲಿ. ನಾ ಬ್ಯಾಡ ಅಂದೇನೇನು?"

ಅಂದಾನೆಪ್ಪ ಇಬ್ಬರ ಮಾತನ್ನೂ ಕೇಳುತ್ತಿದ್ದ. ಬೈಯಲು ದನಿಯಿರಲಿಲ್ಲ. ಅಳುತ್ತಿದ್ದಾನೋ ಇಲ್ಲವೋ ತಿಳಿಯಲು ಮುಖ ಸಹಕರಿಸುತ್ತಿರಲಿಲ್ಲ. ಸಂಜೆಯಾದರೆ ಮಾತ್ರ ಅವನ ಕಣ್ಣು ಬಾಗಿಲ ಕಡೆ ಹೊರಳುತ್ತಿತ್ತು. ಬಾಳವ್ವ ದಿನವಿಡೀ ನೇಯುತ್ತಿದ್ದಳು, ಆ ಹೊತ್ತಿಗೆ ಮಾತ್ರ ಅವಳ ಮಗ್ಗ ನಿಲ್ಲುತ್ತಿತ್ತು. ಕೂಗು ಕೇಳಿಸಲಿ ಎಂದೇ ನಿಲ್ಲಿಸಿ ಕೂತಿರುತ್ತಿದ್ದಳೋ ಏನೋ. ಕೂಗು ಬರಲಿಲ್ಲ.

ಮತ್ತೊಂದು ಬೇಸಿಗೆಯಲ್ಲಿ ಡಾಕ್ಟರ್ ವಿಜಯಲಕ್ಷ್ಮಿ ತಾವಾಗಿ ಓಣಿಗೆ ಬಂದರು. ಮೊದಲು ಸಿದ್ದವ್ವನ ಮನೆಗೆ, ಆಮೇಲೆ ಬಾಳವ್ವನ ಮನೆಗೆ. ಎರಡೂ ಕಡೆ ಹೇಳಿದ್ದು ಒಂದೇ ಸುದ್ದಿ.

"ಆ ಔಷಧದ ಪರೀಕ್ಷಾ ಮುಗೀತ್ರಿ. ಅದರಿಂದ ಏನೂ ಆಗಲಿಲ್ಲ. ಔಷಧ ಇದ್ದ ಗುಳಿಗಿ ತಗೊಂಡವ್ರೂ ಅಷ್ಟ, ಇಲ್ಲದ್ದು ತಗೊಂಡವ್ರೂ ಅಷ್ಟ. ಯಾರೂ ಏನೂ ಕಳಕೊಂಡಿಲ್ರಿ. ನಿಮಗ ಅದನ್ನ ಹೇಳಬೇಕಂತ ಬಂದೆ."

"ಹಂಗಾರ ನಮ್ಮವ್ರು ಅವಾಗ ನಡದಿದ್ದು?" ಎಂದಳು ಸಿದ್ದವ್ವ. "ನಕ್ಕಿದ್ದು?"

"ಗೊತ್ತಿಲ್ರಿ ಅವ್ವಾರ. ಖರೇನ ಗೊತ್ತಿಲ್ಲ." ಡಾಕ್ಟರು ಅಂದಾನೆಪ್ಪನ ಕೈ ಹಿಡಿದುಕೊಂಡರು. "ಇನ್ನೊಂದು ಔಷಧ ಹುಡುಕಾಕತ್ತೇವ್ರಿ ಕಾಕಾ," ಎಂದರು. ಅವನ ತುಟಿ ಅಲುಗಿತು. ಸಿದ್ದವ್ವ ಬಾಗಿ ಕೇಳಿ ಹೇಳಿದಳು: "ಸಿಗೂ ಮಟಾ ಹುಡುಕ್ರಿ ಅನ್ನಾಕತ್ತಾರ."

ಡಾಕ್ಟರ ಗಾಡಿ ಹೋದ ಮೇಲೆ ಎರಡು ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಯಾವುದಕ್ಕಾಗಿ ಮಾತು ಬಿಟ್ಟಿದ್ದರೋ ಅದು ಸುಣ್ಣದ ಗುಳಿಗೆಗಿಂತ ಹೆಚ್ಚಿನದಾಗಿರಲಿಲ್ಲ. ಈಗ ಏನೆಂದು ಮಾತು ತೆಗೆಯುವುದು? ಮೊದಲು ತೆಗೆದವರು ಇಷ್ಟು ದಿನದ್ದೆಲ್ಲ ಹೊತ್ತುಕೊಳ್ಳಬೇಕು. ಸಿದ್ದವ್ವ ಸೆರಗು ಸರಿಮಾಡಿಕೊಂಡಳು. ಬಾಳವ್ವ ಕಸಬರಿಗೆ ಎತ್ತಿಕೊಂಡು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ನಾಳೆ ನೋಡಿದರಾಯಿತು ಎಂದು ಇಬ್ಬರಿಗೂ ಅನಿಸಿರಬೇಕು.

ಅಂಥ ನಾಳೆ ಬರಲಿಲ್ಲ. ಅದೇ ವಾರ ಗಂಜಿ ಶ್ವಾಸಕ್ಕೆ ಹೋಗಿ ಅಂದಾನೆಪ್ಪನ ಎದೆ ಕಟ್ಟಿತು. ದವಾಖಾನೆಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ, ಬೆಳಗಿನ ಚಹಾ ಹಿಡಿದು ಬಂದ ಜಾಕೀರನ ಎದುರಿಗೇ ಹೋದ.

ಓಣಿಯಲ್ಲಿ ಸಾವಾದರೆ ಹೆಣ ಹೋಗುವತನಕ ಯಾರೂ ಮಗ್ಗ ಮುಟ್ಟುವುದಿಲ್ಲ. ಅಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲ ಮಗ್ಗ ನಿಂತವು. ಮೈ ತೊಳೆದು, ವಿಭೂತಿ ಹಚ್ಚಿ, ಅವರ ಪದ್ಧತಿಯಂತೆ ಅಂದಾನೆಪ್ಪನನ್ನು ಕೂತ ಭಂಗಿಯಲ್ಲೇ ಕುರ್ಚಿಯ ಮೇಲೆ ಕೂಡಿಸಿ ಬಟ್ಟೆಯಿಂದ ಕಟ್ಟಿದ್ದರು. ಮುಖ ಬಾಗಿಲ ಕಡೆಗಿತ್ತು. ಹೊರಗೆ ಹೆಣ ಹೊರುವ ವಿಮಾನ ಸಿದ್ಧವಾಗಿತ್ತು, ಭಜನೆಯವರು ತಾಳ ಹಾಕುತ್ತಿದ್ದರು. ನಾಲ್ವರು ಗಂಡಸರು ಕುರ್ಚಿ ಎತ್ತಿ ಹೊಸ್ತಿಲತನಕ ತಂದರು. ಅಲ್ಲಿ ಸಿದ್ದವ್ವ ಎದ್ದು ಅಡ್ಡ ನಿಂತಳು.

"ತಡೀರಿ. ಮಗ್ಗ ಬಡೀಲಿ."

ಹಿರಿಯನೊಬ್ಬ ಮೆತ್ತಗೆ ಹೇಳಿದ: "ಹುಚ್ಚಿ, ಹೆಣದ ಮುಂದ ಮಗ್ಗ ಬಡೀತಾರೇನವ್ವ?"

"ಸದ್ದಿಲ್ದ ಅವ್ರು ದಾಟಾಂಗಿಲ್ಲ. ನಿಮಗೇನ್ ಗೊತ್ತು? ಸದ್ದಿಲ್ದ ದಾಟಾಂಗಿಲ್ಲ ಅವ್ರು." ಆಮೇಲೆ ಅವಳು ಓಣಿಯಾಚೆಗೆ ನೋಡಿದಳು. ಗಂಟಲು ಹರಿಯುವಂತೆ ಕೂಗಿದಳು. "ಬಾಳವ್ವಾ!"

ಬಾಳವ್ವ ತನ್ನ ಬಾಗಿಲಲ್ಲೇ ನಿಂತಿದ್ದಳು. ಜಗಳವಾದ ಮೇಲೆ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ, ಸಾವಿಗೂ ಹತ್ತುವ ಧೈರ್ಯ ಬಂದಿರಲಿಲ್ಲ. ಹತ್ತಿರವೇ ಶಂಭುಲಿಂಗ ಕುರ್ಚಿಯಲ್ಲಿ ಕೂತಿದ್ದ, ಏಳಲು ಒದ್ದಾಡುತ್ತ, ಏಳಲಾಗದೆ. ಕೂಗು ಕೇಳಿದ್ದೇ ಬಾಳವ್ವ ತಿರುಗಿ ಒಳಗೆ ಹೋದಳು.

ಟಕ್, ಟಕಾ.

ಭಜನೆಯವರ ತಾಳ ನಿಂತಿತು. ಸದ್ದು ಓಣಿ ದಾಟಿ ನೇರ ಬಾಗಿಲಿಗೆ ಬಂತು. ಟಕ್, ಟಕಾ. ಸಿದ್ದವ್ವ ಪಕ್ಕಕ್ಕೆ ಸರಿದು, ರೂಢಿಯಂತೆ, ಬಟ್ಟೆಯೊಳಗಿಂದ ಗಂಡನ ಬಲಗೈ ಹಿಡಿದುಕೊಂಡಳು. ಹೆಬ್ಬೆರಳು ಉರುಳುತ್ತಿರಲಿಲ್ಲ. ಹೊತ್ತವರ ಕಾಲು ಆ ಸದ್ದಿಗೇ ಎದ್ದವು, ಒಂದು, ಮತ್ತೊಂದು. ಅಂದಾನೆಪ್ಪ ಹೊಸ್ತಿಲು ದಾಟಿದ.

ವಿಮಾನ ಜಾಕೀರನ ಅಂಗಡಿಯ ತಿರುವಿನಲ್ಲಿ ಮರೆಯಾಗುವವರೆಗೂ ಬಾಳವ್ವ ಬಡಿಯುತ್ತಲೇ ಇದ್ದಳು. ಲಾಳಿ ಪಕ್ಕದಲ್ಲೇ ಬಿದ್ದಿತ್ತು. ಹಲಗೆ ಎಳೆಯಿಲ್ಲದ ಜಾಗಕ್ಕೆ ಬಡಿಯುತ್ತಿತ್ತು.